ಚಂಡೆಯ ಬದಿಗೊಂದು ಜಾಗ: ಆಟಿಸಂ, ಎಡಿಎಚ್‌ಡಿ ಇರುವವರಿಗೆ ತಾಳಮದ್ದಳೆಯ ಮೊದಲ ಹೆಜ್ಜೆಗಳು

ಮಳೆ ಹಿಡಿದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳಲ್ಲಿ ತಾಳಮದ್ದಳೆಗೆ ಕಳೆ ಬರುತ್ತದೆ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರು ಹಾಡು, ವಾದ್ಯ, ಮಾತಿನ ಮೂಲಕ ತಮ್ಮನ್ನು ತೋರಿಸಿಕೊಳ್ಳಲು ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಕಡೆ ನನಗೆ ಕಾಣುವುದಿಲ್ಲ. ವೇಷವಿಲ್ಲ, ಬಣ್ಣವಿಲ್ಲ, ಕಣ್ಣು ಕುಕ್ಕುವ ದೀಪವಿಲ್ಲ. ಕೂತು ಹಾಡುವುದು, ಕೂತು ಮಾತಾಡುವುದು, ಅಷ್ಟೆ. ಎದುರಿನವರ ಮುಖವನ್ನೂ ನೋಡದೆ ಒಂದೇ ವಿಷಯದ ಮೇಲೆ ಅರ್ಧ ಗಂಟೆ ಮಾತಾಡುವವನಿಗೆ ಮನೆಯಲ್ಲಿ ‘ಸಾಕು ಮಾರಾಯ’ ಅನ್ನುತ್ತೇವೆ. ತಾಳಮದ್ದಳೆಯಲ್ಲಿ ಅವನನ್ನೇ ಒಳ್ಳೆಯ ಅರ್ಥಧಾರಿ (ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳುವವ) ಎಂದು ಹೊಗಳುತ್ತೇವೆ.

ಮಗುವನ್ನು ‘ಸರಿ ಮಾಡುವ’ ಉದ್ದೇಶವಿದ್ದರೆ ಈ ಬರಹ ನಿಮಗಲ್ಲ. ವ್ಯಕ್ತಿಗೆ ತಕ್ಕ ಜಾಗವನ್ನು ಹಾಡು-ವಾದ್ಯದ ಹಿಮ್ಮೇಳದಲ್ಲೋ ಮಾತು-ಪಾತ್ರದ ಮುಮ್ಮೇಳದಲ್ಲೋ ಹುಡುಕುವುದು ಹೇಗೆ ಎಂಬುದಷ್ಟೇ ಇಲ್ಲಿದೆ.

ಹಂತ 1: ಒಂದು ವಾರ ಸುಮ್ಮನೆ ಗಮನಿಸಿ

ಮಾಣಿ ಸ್ಟೀಲ್ ಡಬ್ಬ ಬಡಿಯುತ್ತಾನೆಯೇ? ಕೂಸು ಒಂದೇ ಪದ್ಯದ ಒಂದೇ ಸಾಲನ್ನು ಬೆಳಗಿನಿಂದ ಹೇಳುತ್ತಾ ಇದೆಯೇ? ಕೂತಲ್ಲೇ ಮೈ ತೂಗುತ್ತಾರೆಯೇ? ಇವು ಬಿಡಿಸಬೇಕಾದ ಚಾಳಿಗಳೆಂದು ನೋಡಬೇಡಿ. ಲಯ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಅವೇ ಹೇಳುತ್ತಿರುತ್ತವೆ. ಯಾವ ಸದ್ದಿಗೆ ಹತ್ತಿರ ಬರುತ್ತಾರೆ, ಯಾವ ಸದ್ದಿಗೆ ಕಿವಿ ಮುಚ್ಚುತ್ತಾರೆ ಎಂದು ಬರೆದಿಡಿ. ದೊಡ್ಡವರಾದರೆ ಅವರನ್ನೇ ಕೇಳಿ. ಮಗು ವಿಶೇಷ ಶಾಲೆಗೆ ಹೋಗುತ್ತಿದ್ದರೆ ಅಲ್ಲಿನ ಶಿಕ್ಷಕರಿಗೆ ನಿಮಗಿಂತ ಹೆಚ್ಚು ಗೊತ್ತಿರಬಹುದು.

ಹಂತ 2: ಚಂಡೆಯನ್ನು ದೂರದಿಂದ ಪರಿಚಯಿಸಿ

ಎಡವುವುದು ಹೆಚ್ಚಾಗಿ ಇಲ್ಲಿಯೇ. ಯಕ್ಷಗಾನದ ಬಡಗುತಿಟ್ಟು ಶೈಲಿಯ ಚಂಡೆಯದು ಬಯಲಿನಲ್ಲಿ ದೂರದ ಊರಿಗೂ ಕೇಳಲಿ ಎಂಬಂಥ ಏರು ದನಿ. ತಗಡಿನ ಮಾಡಿನ ಕೆಳಗೆ, ಮೇಲೆ ಮಳೆಯೂ ಹೊಯ್ಯುತ್ತಿದ್ದರೆ, ಸದ್ದಿಗೆ ನೊಂದುಕೊಳ್ಳುವ ಕಿವಿಗೆ ಅದು ಹಿಂಸೆಯೇ ಸೈ. ಹಾಗಾಗಿ ಮೊದಲ ದಿನ ಚಂಡೆ ಬೇಡ. ಮದ್ದಳೆ ಮತ್ತು ಶ್ರುತಿ ಸಾಕು. ಮದ್ದಳೆ ಕೈಯಲ್ಲಿ ನುಡಿಸುವ ವಾದ್ಯ. ಅದರ ಮೈ ಮೇಲೆ ಅಂಗೈ ಇಟ್ಟರೆ ನಾದ ಚರ್ಮಕ್ಕೂ ತಿಳಿಯುತ್ತದೆ.

ಆಮೇಲೆ ಚಂಡೆಯವರು ಜಗಲಿಯಲ್ಲಿ, ಮಗು ಅಂಗಳದಾಚೆ. ಕಿವಿಗೆ ಇಯರ್‌ಮಫ್ ಹಾಕಿಕೊಂಡರೆ ತಪ್ಪಿಲ್ಲ. ಬಾರಿಸುವ ಮೊದಲು ‘ಈಗ ಹೊಡೀತೇನೆ’ ಎಂದು ಹೇಳಿಯೇ ಹೊಡೆಯಬೇಕು. ಕೋಲನ್ನು ಮಗುವಿನ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು. ತಾನೇ ಎಬ್ಬಿಸಿದ ಸದ್ದು ಅಚಾನಕ್ ಬಂದ ಸದ್ದಿನಷ್ಟು ಹೆದರಿಸುವುದಿಲ್ಲ.

ಹಂತ 3: ಜಾಗ ಆರಿಸಿ

ಪದ್ಯ ಹಾಡುವ ಭಾಗವತರ ಕೈಯ ಕಂಚಿನ ತಾಳ ಚಿಕ್ಕದು, ತಣ್ಣಗಿನದು, ಅದರ ಕೆಲಸ ಮೊದಲಿನಿಂದ ಕೊನೆಯವರೆಗೆ ಒಂದೇ. ಪುನರಾವರ್ತನೆ ಇಷ್ಟಪಡುವವರಿಗೆ ಇದು ಹೇಳಿ ಮಾಡಿಸಿದ್ದು. ಮಾತು ಬಾರದವರು ಚಂಡೆ, ಮದ್ದಳೆಯಲ್ಲಿ ಉತ್ತರ ಕೊಡಬಹುದು. ಭಾಗವತರು ಪದ್ಯ ಬಿಟ್ಟ ಕಡೆ ಪೆಟ್ಟು ಬಿದ್ದರೆ ಅದು ಸಂಭಾಷಣೆಯೇ. ಪುರಾಣದ ವಂಶಾವಳಿಯನ್ನೆಲ್ಲ ತಲೆಯಲ್ಲಿಟ್ಟುಕೊಂಡವರು ಅರ್ಥಕ್ಕೆ ಕೂರಲಿ. ಓದಲು ಕಷ್ಟಪಡುವವರಿಗೆ ಪ್ರಸಂಗದ ಪುಸ್ತಕವನ್ನು ಮುಖಕ್ಕೆ ಹಿಡಿಯಬೇಡಿ. ಈ ವಿದ್ಯೆ ತಲೆಮಾರುಗಳಿಂದ ಬಾಯಿಂದ ಕಿವಿಗೆ ಬಂದದ್ದು. ಪದ್ಯವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಡಿ.

‘ಒಂದು ಕಡೆ ಕೂರುವುದೇ ಇಲ್ಲ’ ಅನ್ನಿಸಿಕೊಳ್ಳುವವರಿಗೆ ತಾಳಮದ್ದಳೆ ಯಾಕೆ? ಅವರನ್ನು ಯಕ್ಷಗಾನದ ಕುಣಿತಕ್ಕೆ ಬಿಡಿ. ಹಿಂದೆ ಇಡೀ ರಾತ್ರಿಯ ಆಟದಲ್ಲಿ ಪ್ರಸಂಗಕ್ಕೆ ಮೊದಲು ಕೋಡಂಗಿ, ಬಾಲಗೋಪಾಲ ವೇಷಗಳು ಬರುತ್ತಿದ್ದವು. ಕಲಿಯುವ ಹುಡುಗರು ರಂಗಕ್ಕೆ ಹೊಂದಿಕೊಳ್ಳಲು ಇದ್ದ ಅವಕಾಶ ಅದು, ಅಲ್ಲಿ ಹೆಜ್ಜೆ ತಪ್ಪಿದರೆ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಕಾಲಮಿತಿಯ ಆಟ ಬಂದ ಮೇಲೆ ಈ ಪೂರ್ವರಂಗ ಮೊಟಕಾಯಿತು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಯಲ್ಲಾಪುರದ ಕಡೆಯವರಾದರೆ ಸಿದ್ದಿ ಸಮುದಾಯದ ಡಮಾಮಿ ಕುಣಿತವನ್ನು ಒಮ್ಮೆ ನೋಡಿ ಬರಲಿ. ವಾದ್ಯ, ಹಾಡು, ಕುಣಿತ ಅಲ್ಲಿ ಬೇರೆ ಬೇರೆಯಲ್ಲ.

ಹಂತ 4: ಗುರುಗಳ ಜೊತೆ ಮೊದಲೇ ಮಾತಾಡಿ

ಪಾಠ ಹದಿನೈದು ನಿಮಿಷ ಸಾಕು. ಅದೇ ದಿನ, ಅದೇ ಹೊತ್ತು, ಅದೇ ಚಾಪೆ. ಒಮ್ಮೆಗೆ ಒಂದೇ ಸೂಚನೆ. ‘ನನ್ನ ಮುಖ ನೋಡು’ ಎಂಬ ಒತ್ತಾಯ ಬೇಡ, ನೋಡದೆಯೂ ಕೇಳುತ್ತಿರುತ್ತಾರೆ. ಮೊದಲು ಬಾಯಲ್ಲಿ ಹೇಳಿಕೊಳ್ಳುವ ಬಾಯಿತಾಳ: ನಾಲ್ಕಕ್ಷರದ ಏಕತಾಳ ಕೈಗೆ ಕೂತ ಮೇಲೆ ಆರಕ್ಷರದ ರೂಪಕ.

‘ಇಂಥವರಿಗೆ ಕಲಿಸಿ ಗೊತ್ತಿಲ್ಲ’ ಎಂದು ಗುರುಗಳು ಹಿಂಜರಿದರೆ ಹೊಸ್ತೋಟ ಮಂಜುನಾಥ ಭಾಗವತರನ್ನು ನೆನಪಿಸಿ. ಶಿರಸಿ ಸೀಮೆಯ ಈ ಗುರು, 2020ರಲ್ಲಿ ತೀರಿಕೊಂಡವರು, ಅಂಧರಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದಿದ್ದರು. ಕಣ್ಣು ಕಾಣದವರಿಗೆ ‘ನೋಡಿ ಮಾಡು’ ಎಂದರೆ ಆಗದು, ಕಲಿಸುವ ದಾರಿಯನ್ನೇ ಬದಲಿಸಬೇಕು. ಇಲ್ಲಿ ಬೇಕಾದದ್ದೂ ಅದೇ ತಯಾರಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಕಾಶ ಕೊಡಲು ತಕರಾರು ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಅದು ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಕಲಿಕೆಯ ನಿರ್ದಿಷ್ಟ ತೊಂದರೆಗಳಿವೆ. 29ನೇ ಕಲಮು ಇರುವುದೇ ಸಂಸ್ಕೃತಿ, ಮನರಂಜನೆಯಲ್ಲಿ ಪಾಲ್ಗೊಳ್ಳುವ ಹಕ್ಕಿಗಾಗಿ.

ಹಂತ 5: ಆಯ್ಕೆ ಅವರದ್ದೇ ಇರಲಿ

ಯಾವ ಪಾತ್ರ, ಯಾವ ಪದ್ಯ ಎಂದು ಅವರೇ ಹೇಳಲಿ, ಅಥವಾ ನೀವು ಚಿತ್ರ ತೋರಿಸಿದರೆ ಬೆರಳಿಡಲಿ. ‘ಕಂಸವಧೆ’ಯಲ್ಲಿ ನಿಮಗೆ ಕೃಷ್ಣ ಬೇಕು, ಅವರಿಗೆ ಕಂಸ ಬೇಕು ಅಂದರೆ ಕಂಸನೇ ಆಗಲಿ. ಸಿಟ್ಟು ತೋರಿಸಿದರೆ ಎಲ್ಲೆಡೆ ಬೈಸಿಕೊಳ್ಳುವವರಿಗೆ ಅದನ್ನು ಲಯಬದ್ಧವಾಗಿ ಹೊರಹಾಕುವ ಅವಕಾಶ ಇನ್ನೆಲ್ಲಿ ಸಿಗಬೇಕು?

ಹಂತ 6: ಮೊದಲ ಪ್ರದರ್ಶನ ಮನೆಯ ಜಗಲಿಯಲ್ಲಿ

ಹತ್ತು ನಿಮಿಷ, ಗುರುತಿನ ಜನ. ಒಳಗೆ ಕತ್ತಲೆ ಮಾಡಿದ ಒಂದು ಕೋಣೆ ಖಾಲಿ ಇರಲಿ, ಸಾಕಾದರೆ ಎದ್ದು ಹೋಗಲಿಕ್ಕೆ. ‘ಸಾಕು’ ಎನ್ನಲು ಒಂದು ಕೈಸನ್ನೆ ಮೊದಲೇ ಗೊತ್ತುಮಾಡಿ, ಸನ್ನೆ ಬಂದ ಕೂಡಲೇ ಭಾಗವತರು ಪದ್ಯ ಮುಗಿಸಬೇಕು. ಮುಂದೊಂದು ದಿನ ವೇಷ ಕಟ್ಟುವುದಾದರೆ ಗೆಜ್ಜೆ ಒಂದು ದಿನ, ಮುಂಡಾಸು ಒಂದು ದಿನ, ಬಣ್ಣ ಇನ್ನೊಂದು ದಿನ. ಬಿಗಿದು ಕಟ್ಟುವ ಹಗ್ಗ ಕೆಲವರಿಗೆ ಹಿತ, ಕೆಲವರಿಗೆ ಉಸಿರುಗಟ್ಟಿದ ಹಾಗೆ.

ಮೈಕಿನವರಿಗೆ ತಾಕೀತು ಮಾಡಿ: ‘ಪಾಪ, ದೇವರ ಮಗು’ ಎಂಬ ಪೀಠಿಕೆ ಬೇಡ. ಉಳಿದ ಕಲಾವಿದರ ಹಾಗೆ ಹೆಸರು, ಪಾತ್ರ ಹೇಳಿದರೆ ಮುಗಿಯಿತು. ನಮ್ಮ ಕಡೆ ಶಾಲು ಹೊದಿಸದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಮೈ ಮುಟ್ಟಿದರೆ ಆಗದವರಿಗೆ ಹಾರ, ಶಾಲು, ಬೆನ್ನು ತಟ್ಟುವುದು ಎಲ್ಲವೂ ಶಿಕ್ಷೆ. ಮೊದಲೇ ಕೇಳಿ, ಬೇಡವೆಂದರೆ ಬಿಡಿ. ಚಪ್ಪಾಳೆಯ ಬದಲು ಕೈ ಎತ್ತಿ ಬೆರಳಾಡಿಸಿದರೂ ಆದೀತು. ವಿಡಿಯೊ ವಾಟ್ಸ್ಯಾಪಿಗೆ ಹೋಗುವ ಮೊದಲು ಅವರ ಒಪ್ಪಿಗೆ ಬೇಕು.

ಹಂತ 7: ಮರುದಿನ ಏನೂ ಇಟ್ಟುಕೊಳ್ಳಬೇಡಿ

ಖುಷಿಯ ದಿನವೂ ದಣಿವು ತರುತ್ತದೆ. ನೆಂಟರ ಮನೆ, ಪೇಟೆ, ಜಾತ್ರೆ ಮುಂದಕ್ಕೆ ಹಾಕಿ. ಎರಡು ದಿನ ಬಿಟ್ಟು ‘ಇನ್ನೊಮ್ಮೆ ಮಾಡುವುದಾ?’ ಎಂದು ಕೇಳಿ. ‘ಬೇಡ’ ಎಂದರೆ ತಾಳವನ್ನು ಕೈಗೆ ಸಿಗುವ ಕಡೆ ಇಟ್ಟು ಸುಮ್ಮನಿರಿ. ‘ಹೂಂ’ ಎಂದರೆ ಹತ್ತು ನಿಮಿಷವನ್ನು ಹನ್ನೆರಡು ಮಾಡಿ.