ಹಳ್ಳಿಯ ಹೆಸರಿನಿಂದ ಹುಟ್ಟಿದ ಶಬ್ದ

ರೈಲಿನ ಕೋಚು, ಆಟಗಾರರನ್ನು ತಿದ್ದುವ ಕೋಚು: ಇವೆರಡೂ ಒಂದೇ ಶಬ್ದವೋ, ಧ್ವನಿಸಾಮ್ಯವುಳ್ಳ ಎರಡು ಬೇರೆ ಶಬ್ದಗಳೋ ಎಂಬ ಸಂದೇಹ ವಿದ್ಯಾರ್ಥಿಗಳಲ್ಲಿ ಮೂಡುವುದು ಸಹಜ. ಎರಡೂ ಒಂದೇ. ಇಂಗ್ಲಿಷಿನ ಮೂಲಕ ನಮಗೆ ಬಂದರೂ ಅದು ಇಂಗ್ಲಿಷಿನ ಸ್ವಂತ ಸೊತ್ತಲ್ಲ, ಹಂಗೇರಿಯ ಕೊಡುಗೆ.

ಆ ದೇಶದ ವಾಯವ್ಯ ಭಾಗದಲ್ಲಿ, ವಿಯೆನ್ನಾದಿಂದ ಬುಡಾ ನಗರಕ್ಕೆ ಹೋಗುವ ಹಳೆಯ ದಾರಿಯಲ್ಲಿ, ಕೊಚ್ ಎಂಬ ಗ್ರಾಮವಿದೆ. ಹದಿನೈದನೆಯ ಶತಮಾನದಲ್ಲಿ ಅದು ಹಗುರವೂ ವೇಗಶಾಲಿಯೂ ಆದ ಕುದುರೆಬಂಡಿಗಳಿಗೆ ಹೆಸರಾಯಿತು. ಹಂಗೇರಿಯನ್ ಭಾಷೆಯಲ್ಲಿ ಊರ ಹೆಸರಿಗೆ ‘ಇ’ ಪ್ರತ್ಯಯ ಹತ್ತಿದರೆ ‘ಆ ಊರಿನ’ ಎಂದರ್ಥ. ‘ಕೊಚಿ ಸೆಕೇರ್’ ಎಂದರೆ ಕೊಚ್ ಊರಿನ ಬಂಡಿ. ನಾವು ಬನಾರಸಿ ಸೀರೆಯನ್ನು ಬರಿದೆ ‘ಬನಾರಸಿ’ ಎನ್ನುವುದಿಲ್ಲವೆ? ಹಾಗೆಯೇ ಅಲ್ಲಿಯೂ ವಿಶೇಷ್ಯವು ಬಿದ್ದುಹೋಗಿ, ವಿಶೇಷಣವೇ ಬಂಡಿಯ ಹೆಸರಾಗಿ ನಿಂತಿತು.

ಹದಿನಾರನೆಯ ಶತಮಾನದಲ್ಲಿ ಬಂಡಿಯೊಡನೆ ಹೆಸರೂ ಗಡಿ ದಾಟಿತು. ಜರ್ಮನ್ ಭಾಷೆಯಲ್ಲಿ ‘ಕುಚೆ’, ಸ್ಪೇನಿನಲ್ಲಿ ‘ಕೋಚೆ’, ಫ್ರಾನ್ಸಿನಲ್ಲಿ ‘ಕೊಷ್’, ಇಂಗ್ಲೆಂಡಿನಲ್ಲಿ ‘ಕೋಚ್’. ಇಂಗ್ಲಿಷ್ ರೂಪದಲ್ಲಿ ಕೊನೆಯ ಸ್ವರ ಉಳಿಯದೆ, ಅದು ಮರಳಿ ಮೂಲ ಊರಿನ ಹೆಸರಿನಂತೆಯೇ ಕೇಳಿಸುತ್ತಿರುವುದು ಕೇವಲ ಆಕಸ್ಮಿಕ.

ಆದರೆ ಕಿವಿಯೊಂದನ್ನೇ ನಂಬಿ ವ್ಯುತ್ಪತ್ತಿ ಹೇಳುವುದು ಅಪಾಯಕರ. ಒರಗಿಕೊಳ್ಳುವ ‘ಕೌಚ್’ ಎಂಬ ಆಸನಕ್ಕೂ ಈ ಬಂಡಿಗೂ ಯಾವ ನಂಟೂ ಇಲ್ಲ. ಅದು ‘ಮಲಗಿಸು’ ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದುದು. ಕೊಚ್ ಗ್ರಾಮದ ವಿಷಯದಲ್ಲಿ ಲಿಖಿತ ಸಾಕ್ಷ್ಯವಿದೆ: ಹದಿನಾರನೆಯ ಶತಮಾನದ ರಾಯಭಾರಿ ಹೆರ್ಬರ್‌ಸ್ಟೈನ್ ಈ ಬಂಡಿಗೆ ಊರಿನಿಂದಲೇ ಹೆಸರು ಬಂದಿತೆಂದು ಬರೆದಿದ್ದಾನೆ.

ಇನ್ನು ಗುರುವಿನ ಅರ್ಥ. ಸುಮಾರು 1830ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಹೊತ್ತೊಯ್ಯುವ ಖಾಸಗಿ ಬೋಧಕನನ್ನು ವಿನೋದವಾಗಿ ‘ಕೋಚ್’ ಎಂದು ಕರೆಯತೊಡಗಿದರು. ವಿದ್ಯಾರ್ಥಿಗಳ ಕುಚೋದ್ಯವೂ ನಿಘಂಟಿಗೆ ಒಮ್ಮೊಮ್ಮೆ ಉಪಕಾರ ಮಾಡುತ್ತದೆ! ಅದೇ ಶತಮಾನದಲ್ಲಿ ಆ ಹೆಸರು ಆಟದ ಬಯಲಿಗೂ ಇಳಿಯಿತು. ಬಂಡಿಯ ಅರ್ಥವಾದರೋ ಹಳಿ ಏರಿತು. 1955ರಲ್ಲಿ ಮದರಾಸಿನ ಪೆರಂಬೂರಿನಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಹೆಸರಿನಲ್ಲಿರುವುದೂ ಆ ಹಳ್ಳಿಯೇ.

ಸ್ಪೇನಿನಲ್ಲಿ ‘ಕೋಚೆ’ ಎಂದರೆ ಇಂದು ಮೋಟಾರು ಕಾರು. ಹಂಗೇರಿಯ ಆಡುಮಾತಿನಲ್ಲಿ ‘ಕೊಚಿ’ಗೂ ಈಗ ಅದೇ ಅರ್ಥವಿದೆ. ಅದರ ಪಕ್ಕದಲ್ಲಿಯೇ, ಮಾರ್ಗದರ್ಶಕನೆಂಬ ಅರ್ಥದ ಇಂಗ್ಲಿಷ್ ‘ಕೋಚ್’ ಕೂಡ ಇತ್ತೀಚೆಗೆ ಆ ಭಾಷೆಯನ್ನು ಹೊಕ್ಕು, ತವರಿನಲ್ಲಿಯೇ ಪರಭಾಷಾಶಬ್ದವಾಗಿ ಬಳಕೆಯಲ್ಲಿದೆ.