ಬಿಸಿಲಿನಲ್ಲಿ, ಬೆಟ್ಟದಲ್ಲಿ ಬೈಸಿಕಲ್ ತಂಡ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಹೈದರಾಬಾದನ್ನು ಹಾಯ್ದು ನಾಗಪುರವನ್ನು ಮುಟ್ಟುತ್ತದೆ. ಆ ನಗರದ ಉತ್ತರದ ಅಂಚಿನಾಚೆ ಕೋರಾಡಿ ಎಂಬ ಊರಿದೆ. ದೇವೀಮಂದಿರಕ್ಕೂ ಕೆರೆಗೂ ವಿದ್ಯುದಾಗಾರಕ್ಕೂ ಹೆಸರಾದ ಈ ಊರಿನ ಮೇಲೆ ಹೋಗುವ ರಸ್ತೆಯು ಸಾವನೇರಿನಲ್ಲಿ ಕವಲೊಡೆದು, ಮುಂದೆ ಸಾತ್ಪುಡಾ ಬೆಟ್ಟಗಳನ್ನು ಏರುತ್ತದೆ. ನಾಗಪುರವು ಮರುಭೂಮಿಯಲ್ಲ, ನಿಜ. ಆದರೆ 2013ರ ಮೇ 23ರಂದು ಅಲ್ಲಿಯ ಉಷ್ಣತೆಯು 47.9 ಅಂಶ ಸೆಲ್ಸಿಯಸ್ ಆಗಿತ್ತು. ಯಾವ ಮರುಭೂಮಿಗೂ ಅದು ಸಾಲುವಷ್ಟು ಬಿಸಿಲೇ. ಇಂತಹ ನಾಡಿನಲ್ಲಿ ಬೈಸಿಕಲ್ಲನ್ನೇರಿ ದೂರ ಹೋಗುವವರ ದೇಹವು ಹೇಗೆ ಉಳಿದುಬರುತ್ತದೆಂಬುದನ್ನು ಕೋರಾಡಿಯನ್ನು ನೋಡಿಯೇ ಕಲಿಯಬಹುದು.

ಅಲ್ಲಿಯ ವಿದ್ಯುದಾಗಾರದಲ್ಲಿ ಕಲ್ಲಿದ್ದಲಿನ ಶಾಖವೆಲ್ಲ ವಿದ್ಯುತ್ತಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ವ್ಯರ್ಥವಾಗುತ್ತದೆ. ಅದರ ಬಹುಭಾಗವು ನೀರಿಗೆ ಸೇರುತ್ತದೆ. ಆ ಬಿಸಿನೀರನ್ನು ಶೈತ್ಯಗೋಪುರದೊಳಗೆ ಹನಿಹನಿಯಾಗಿ ಬೀಳಿಸುತ್ತಾರೆ. ಅಲ್ಪಭಾಗ ಆವಿಯಾಗಿ ಮೇಲೇರುತ್ತದೆ, ಉಳಿದದ್ದು ತಣ್ಣಗಾಗುತ್ತದೆ. (ಈ ಕೆಲಸಕ್ಕೆ ನಾಗಪುರದ ಕೊಳಚೆನೀರನ್ನೇ ಶುದ್ಧಿಗೊಳಿಸಿ ಬಳಸುತ್ತಿರುವುದು ಮೆಚ್ಚತಕ್ಕ ವಿಷಯ.) ನಮ್ಮ ದೇಹವೂ ಇಂತಹದೇ ಒಂದು ಆಗಾರ. ಪೆಡಲು ತುಳಿಯುವವನ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲು ಚಕ್ರಕ್ಕೆ ಸಲ್ಲುತ್ತದೆ, ಮಿಕ್ಕುದೆಲ್ಲ ಶಾಖ. ಅದನ್ನು ಹೊರಹಾಕುವ ಶೈತ್ಯಗೋಪುರವೇ ನಮ್ಮ ಚರ್ಮ. ಒಂದು ಲೀಟರು ಬೆವರು ಪೂರ್ಣವಾಗಿ ಆವಿಯಾದರೆ, ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖವನ್ನು ಅದು ಕೊಂಡೊಯ್ಯುತ್ತದೆ.

ಗಾಳಿಯು ನಮ್ಮ ಚರ್ಮಕ್ಕಿಂತ ತಂಪಾಗಿದ್ದರೆ ಬರಿಯ ಬೀಸುವಿಕೆಯಿಂದಲೂ ನಮಗೆ ಸುಖವುಂಟು. ಚರ್ಮದ ಉಷ್ಣತೆ ಸುಮಾರು 35 ಅಂಶ. ಗಾಳಿ 45 ಅಂಶವಿರುವಾಗ ಅದು ಶಾಖವನ್ನು ಒಯ್ಯುವುದಿಲ್ಲ, ತಂದು ಸುರಿಯುತ್ತದೆ. ಆಗ ಬೆವರೊಂದೇ ಗತಿ. ಒಣಹವೆಯಲ್ಲಿ ಅದು ಹೊಮ್ಮಿದೊಡನೆ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದೇ ಇಲ್ಲ. ಸವಾರನು ತಾನು ಬೆವರಲಿಲ್ಲವೆಂದೇ ಭಾವಿಸುತ್ತಾನೆ. ಮಂಗಳೂರಿನ ಸೆಕೆಯನ್ನು ಬಲ್ಲವನು ಇಲ್ಲಿ ಸುಲಭವಾಗಿ ಮೋಸಹೋಗುತ್ತಾನೆ. ಗಂಟೆಗೆ ಒಂದು ಲೀಟರು ನೀರು ದೇಹದಿಂದ ಹೋಗುವುದು ಅಸಾಮಾನ್ಯವಲ್ಲ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯ. ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಬಲ್ಲ ನಮ್ಮ ಹಿರಿಯರು ಇದನ್ನು ಪುಸ್ತಕದಿಂದ ಕಲಿತವರಲ್ಲ.

ಇನ್ನು ತಂಡದ ಮಾತು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರು ಹೋಗುವವನ ಶ್ರಮದ ಬಹುಭಾಗವು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದಿನವನ ಮರೆಯಲ್ಲಿ ಸಾಗುವವನಿಗೆ ಶ್ರಮದ ಸುಮಾರು ಕಾಲುಭಾಗ ಉಳಿಯುತ್ತದೆ. ಆದುದರಿಂದಲೇ ಸರದಿಯ ಮೇಲೆ ಮುಂದಾಳಾಗುವ ಪದ್ಧತಿ. ಆದರೆ ಏರು ಬಂದೊಡನೆ ಈ ಲಾಭವೆಲ್ಲ ಕರಗುತ್ತದೆ. ವೇಗ ಎಂಟು-ಹತ್ತು ಕಿಲೋಮೀಟರಿಗೆ ಇಳಿಯುತ್ತದೆ, ಮರೆಯಿಂದ ಪ್ರಯೋಜನವಿಲ್ಲ, ಬೆವರನ್ನು ಆರಿಸುವ ಗಾಳಿಯೂ ಇಲ್ಲ, ಶ್ರಮ ಮಾತ್ರ ಇಮ್ಮಡಿ. ಎತ್ತರಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು ಆರೂವರೆ ಅಂಶ ತಂಪಾಗುವುದೇನೋ ಹೌದು. ಆದರೆ ಆ ತಂಪು ದೊರೆಯುವುದು ಏರಿದ ಮೇಲೆ. ಬಿಸಿಲಿನಲ್ಲಿ ಸವಾರರು ಕುಸಿಯುವ ಭಯ ಹೆಚ್ಚಾಗಿರುವುದು ಬೆಟ್ಟದ ಬುಡದಲ್ಲಿ, ಬಲಿಷ್ಠನು ಮುಂದೋಡಿ ದುರ್ಬಲನು ಒಬ್ಬನೇ ಹಿಂದುಳಿಯುವ ಆ ಮೊದಲ ತಿರುವುಗಳಲ್ಲಿ. ತಂಡದ ವೇಗವನ್ನು ಅತ್ಯಂತ ನಿಧಾನದವನೇ ನಿರ್ಧರಿಸಬೇಕೆಂಬ ನಿಯಮ ಹುಟ್ಟಿದ್ದು ಇಲ್ಲಿ. ಇದನ್ನು ದಾಕ್ಷಿಣ್ಯವೆಂದು ತಿಳಿಯುವವರುಂಟು; ನಾವಾದರೋ ಲೆಕ್ಕಾಚಾರವೆನ್ನುತ್ತೇವೆ.

1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಬೈಸಿಕಲ್ಲುಗಳನ್ನೇರಿ ಭೂಪ್ರದಕ್ಷಿಣೆಗೆ ಹೊರಟರು. ಬಲೂಚಿಸ್ತಾನ, ಪರ್ಷಿಯಾಗಳನ್ನು ದಾಟಿ ಬಾಗ್ದಾದಿಗೆ ಬಂದು, ಅಲ್ಲಿಂದ ಅಲೆಪ್ಪೋವರೆಗೆ 956 ಕಿಲೋಮೀಟರು ಮರುಭೂಮಿಯನ್ನು 23 ದಿನಗಳಲ್ಲಿ ಹಾಯ್ದರು. ಭಾಗಿಸಿ ನೋಡಿರಿ: ದಿನಕ್ಕೆ 42 ಕಿಲೋಮೀಟರೂ ಆಗಲಿಲ್ಲ. ಒಳ್ಳೆಯ ರಸ್ತೆಯಲ್ಲಿ ಇದು ಎರಡು ಗಂಟೆಗಳ ಪಯಣ. ಮರಳಿನಲ್ಲಿ ಅದೇ ದೊಡ್ಡ ಸಾಧನೆ. ಬಳಿಕ ಅವರು ಆಲ್ಪ್ಸ್ ಪರ್ವತಗಳನ್ನೂ ದಾಟಿದರು. ಆರು ಮಂದಿಯಲ್ಲಿ ಮೂವರು ದಾರಿಯಲ್ಲಿ ತಂಡವನ್ನು ಬಿಟ್ಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ಕ್ರಮಿಸಿ 1928ರ ಮಾರ್ಚ್ 18ರಂದು ಮುಂಬಯಿಗೆ ಮರಳಿದರು.

ನಾಗಪುರದವರೇ ಆದ ಡಾಕ್ಟರ್ ಅಮಿತ್ ಸಮರ್ಥ್ 2017ರಲ್ಲಿ ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ಸುಮಾರು 4,800 ಕಿಲೋಮೀಟರಿನ ಸ್ಪರ್ಧೆಯನ್ನು 12 ದಿನಗಳ ಗಡುವಿನೊಳಗೆ ಮುಗಿಸಿದರು. ಆ ದಾರಿಯಲ್ಲಿ ಮೊದಲು ಮರುಭೂಮಿ, ಅನಂತರ 3,300 ಮೀಟರು ಎತ್ತರದ ಕಣಿವೆದಾರಿ. ತುಳಿದವರು ಒಬ್ಬರೇ, ಆದರೂ ಹಿಂದಿನ ವಾಹನದಲ್ಲಿ ಅವರ ಆಹಾರ, ನೀರು, ನಿದ್ರೆಗಳ ಲೆಕ್ಕವಿಡುವ ಒಂದು ತಂಡವೇ ಇತ್ತು. ದಣಿದವನಿಗೆ ತನ್ನ ಲೆಕ್ಕ ತನಗೇ ತಿಳಿಯದು.

ಆದುದರಿಂದ ರಜೆಯಲ್ಲಿ ತಂಡಕಟ್ಟಿ ಹೊರಡುವ ವಿದ್ಯಾರ್ಥಿಗಳು ಪಕ್ಕದವನನ್ನು ಗಮನಿಸುತ್ತಿರಬೇಕು. ಮಾತಾಳಿಯು ಮೌನಿಯಾದರೆ, ನೇರ ಹೋಗುತ್ತಿದ್ದ ಚಕ್ರವು ತೊಡರಿದರೆ, ಕೇಳಿದ ಪ್ರಶ್ನೆಗೆ ಅಸಂಬದ್ಧವಾದ ಉತ್ತರ ಬಂದರೆ, ಅವನು ಬೇಡವೆಂದರೂ ನಿಲ್ಲಿಸಿರಿ. ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಯನ್ನೆಲ್ಲ ನೀರಿನಿಂದ ತೋಯಿಸಿ ಬೀಸಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು. ಒಬ್ಬನು ವೈದ್ಯರನ್ನು ಕರೆಯಲಿ. ಉಳಿದವರು ಬೀಸುವುದನ್ನು ನಿಲ್ಲಿಸಬಾರದು.