ಟೆಟ್ರಾಸೈಕ್ಲಿನ್ ಎಂಬ ಔಷಧದ ವಿಷಯವಾಗಿ

(ಓದತಕ್ಕ ಭಾಗ: 2 ಅರಸುಗಳು 5:9–14)



ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗಿ ಶುದ್ಧನಾದನೆಂದು ಓದುತ್ತೇವೆ. ಎರಡನೆಯ ಸಾರಿಗೇ ದಡ ಹತ್ತಿದ್ದರೆ ಏನಾಗುತ್ತಿತ್ತು? ಕಳೆದ ಮಳೆಗಾಲದಲ್ಲಿ ನಮ್ಮ ಸಭೆಯ ಸಹೋದರನೊಬ್ಬನು ಹಾಗೆಯೇ ಮಾಡಿದನು. ಹುಲ್ಲು ಕೊಯ್ದು ಬಂದ ಕೆಲವು ದಿವಸಗಳ ಮೇಲೆ ಅವನಿಗೆ ಕಠಿಣವಾದ ಜ್ವರವೂ ತಲೆನೋವೂ ಹಿಡಿದವು. ಕಂಕುಳಲ್ಲಿ ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆಯಿತ್ತು. ಅದು ಕಣ್ಣಿಗೆ ಬೀಳದಷ್ಟು ಸಣ್ಣ ಹುಳವು ಕಚ್ಚಿದ ಗುರುತು. ವೈದ್ಯರು ಇದು ಸ್ಕ್ರಬ್ ಟೈಫಸ್ ಎಂದು ಹೇಳಿ, ಟೆಟ್ರಾಸೈಕ್ಲಿನ್ ಜಾತಿಯ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು 7 ದಿವಸಕ್ಕೆ ಕೊಟ್ಟರು. ಎರಡೇ ದಿವಸದಲ್ಲಿ ಜ್ವರ ಬಿಟ್ಟಿತು. ಅವನು ಮಿಕ್ಕ ಮಾತ್ರೆಗಳನ್ನು ನೆಗಡಿಯಾಗಿದ್ದ ನೆರೆಮನೆಯ ಮಗುವಿಗೆ ಕೊಟ್ಟುಬಿಟ್ಟನು. ಜ್ವರವು ಮರಳಿ ಬಂದಾಗ ನಾವೇ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಇದಕ್ಕೆ ಕಾರಣವು ಆ ಔಷಧವು ಕೆಲಸಮಾಡುವ ರೀತಿಯಲ್ಲಿಯೇ ಇದೆ. ರೋಗಾಣುವಿನೊಳಗೆ ರೈಬೋಸೋಮ್ ಎಂಬ ಬಹು ಸೂಕ್ಷ್ಮವಾದ ಕಾರ್ಯಸ್ಥಾನಗಳುಂಟು. ಅದು ಬೆಳೆಯುವದಕ್ಕೆ ಬೇಕಾದ ಪ್ರೋಟೀನು ಅಲ್ಲಿಯೇ ಕಟ್ಟಲ್ಪಡುವದು. ಆಳುಗಳು ಇಟ್ಟಿಗೆಗಳನ್ನು ತಂದು ಗಾರೆಯವನ ಬಳಿಯಲ್ಲಿ ಇಳಿಸುವದನ್ನು ನೀವು ನೋಡಿದ್ದೀರಷ್ಟೆ. ಟೆಟ್ರಾಸೈಕ್ಲಿನ್ ಆ ಇಳಿಸುವ ಸ್ಥಳದಲ್ಲಿಯೇ ಹೋಗಿ ಕೂತುಕೊಳ್ಳುವದು. ಗೋಡೆಯು ಏಳುವದಿಲ್ಲ, ರೋಗಾಣುವು ಹೆಚ್ಚುವದಿಲ್ಲ. ನಮ್ಮ ಶರೀರದ ಕಾರ್ಯಸ್ಥಾನಗಳ ಕಟ್ಟೋಣವು ಬೇರೆಯಾದದರಿಂದ ಅವುಗಳಿಗೆ ಇದು ಅಷ್ಟಾಗಿ ಅಂಟುವದಿಲ್ಲ. ಆದರೆ ಈ ಔಷಧವು ಸಾಮಾನ್ಯವಾಗಿ ರೋಗಾಣುವನ್ನು ಕೊಲ್ಲದೆ ತಡೆದು ನಿಲ್ಲಿಸುತ್ತದೆ. ಕೊಲ್ಲುವ ಕೆಲಸವು ಸೃಷ್ಟಿಕರ್ತನು ನಮ್ಮ ಶರೀರದಲ್ಲಿಟ್ಟ ಕಾವಲುಗಾರರದು. ಅವರು ಮುಗಿಸುವದಕ್ಕೆ ಮುಂಚೆ ತಡೆಯನ್ನು ತೆಗೆದರೆ ಉಳಿದವುಗಳು ಮತ್ತೆ ಹೆಚ್ಚುವವು. ನೆಗಡಿಯ ವೈರಸ್ಸಿಗಾದರೋ ಸ್ವಂತ ರೈಬೋಸೋಮೇ ಇಲ್ಲ. ಆದದರಿಂದ ಆ ಮಗುವಿಗೆ ಯಾವ ಪ್ರಯೋಜನವೂ ಆಗಲಿಲ್ಲ. ಮೇಲಾಗಿ ಟೆಟ್ರಾಸೈಕ್ಲಿನ್ ಬೆಳೆಯುವ ಹಲ್ಲುಗಳಲ್ಲಿ ಸೇರಿ ಅಳಿಯದ ಕಲೆಯನ್ನುಂಟುಮಾಡಬಲ್ಲದು. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಕೊಡಲೇಬಾರದು.

ಇಲಿಜ್ವರ, ಕಾಲರಾ, ಪ್ಲೇಗು, ದನಗಳಿಂದ ಬರುವ ಬ್ರುಸೆಲ್ಲಾ ಜ್ವರ ಇವುಗಳಿಗೂ ಈ ಜಾತಿಯ ಔಷಧವು ಸಲ್ಲುತ್ತದೆ. 1994ರಲ್ಲಿ ಸೂರತ್ ಪಟ್ಟಣದಲ್ಲಿ ಪ್ಲೇಗಿನ ಭಯವೆದ್ದಾಗ ಜನರು ಇದನ್ನೇ ಹುಡುಕಿದರು. ಇದರ ಮೂಲವು ಮಣ್ಣು! ಅಮೇರಿಕದ ಮಿಸ್ಸೂರಿಯ ಹೊಲದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯಶಾಸ್ತ್ರಜ್ಞರು ಈ ಜಾತಿಯ ಮೊದಲನೆಯ ಔಷಧವನ್ನು ಪಡೆದು 1948ರಲ್ಲಿ ಪ್ರಕಟಿಸಿದರು. ಅವರ ಸಂಶೋಧನಾಲಯದ ಮುಖ್ಯಸ್ಥರು ನಮ್ಮ ದೇಶದವರೇ ಆದ ಯೆಲ್ಲಾಪ್ರಗಡ ಸುಬ್ಬರಾವ್.

ಮಾತ್ರೆಯನ್ನು ತುಂಬಾ ನೀರಿನೊಡನೆ, ಕೂತುಕೊಂಡು ನುಂಗಬೇಕು. ನುಂಗಿದ ಕೂಡಲೆ ಮಲಗಿದರೆ ಅದು ಗಂಟಲ ಕೆಳಗೆ ನಿಂತು ಹುಣ್ಣುಮಾಡೀತು. ಹಾಲಿನೊಡನೆಯೂ ಕಬ್ಬಿಣಾಂಶದ ಮಾತ್ರೆಯೊಡನೆಯೂ ತಕ್ಕೊಳ್ಳಬಾರದು, ಯಾಕಂದರೆ ಅವು ಔಷಧವನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುವವು. ನಮ್ಮ ಸಹೋದರನಿಗೆ ಎರಡನೆಯ ಸಾರಿ 7 ದಿವಸವೂ ಅವನ ಹೆಂಡತಿಯೇ ಮಾತ್ರೆಗಳನ್ನು ಎಣಿಸಿ ಕೊಟ್ಟಳು.